"ಕ್ಲೋಸ್ಡ್ ರಿಂಗ್ಸ್" ಅಂದಿದ್ನ ನಂಬಿ 640 ಪೌಂಡ್ ಕಳ್ಕೊಂಡೆ, ನೈಟ್ (ಹಳೇ ಕಾಲದ ಯುರೋಪಿನ ಕವಚಧಾರಿ ಯೋಧ) ಕಿಟ್ ತಗೊಳೋರು ಓದಿ

ಇದನ್ನ ಬರೀಬೇಕೋ ಬೇಡ್ವೋ ಅಂತ ಮೂರು ವಾರದಿಂದ ಒದ್ದಾಡ್ತಿದೀನಿ, ಯಾಕಂದ್ರೆ ಪೆದ್ದನ ಥರ ಮೋಸ ಹೋಗಿದ್ದು ನಾನೇ. ಆದ್ರೆ ಮೊನ್ನೆ ಇಲ್ಲೇ ಪರಿಚಯದ ಹುಡುಗ ಒಬ್ಬ ನಾನು ಮೋಸ ಹೋದ ಅದೇ ಆನ್‌ಲೈನ್ ಅಂಗಡಿ ಲಿಂಕ್ ಕಳ್ಸಿ "ಅಣ್ಣಾ, ಈ ಸೆಟ್ ಹೆಂಗಿದೆ, ಆಫರ್ ನಡೀತಿದೆ" ಅಂದ. ಹೊಟ್ಟೆ ಉರ್ದೋಯ್ತು. ಅದಕ್ಕೇ ಬರೀತಿದೀನಿ.

ನಾನಿರೋದು ಇಂಗ್ಲೆಂಡಲ್ಲಿ. ಹೋದ್ವರ್ಷ ಆಗಸ್ಟಲ್ಲಿ ಈವ್‌ಶಾಮ್‌ಗೆ ಯುದ್ಧದ ರೀಎನಾಕ್ಟ್‌ಮೆಂಟ್ (ಆಗಿನ ಯುದ್ಧನ ವೇಷ ಹಾಕ್ಕೊಂಡು ಮತ್ತೆ ಆಡಿ ತೋರ್ಸೋದು) ನೋಡಕ್ಕೆ ಹೋಗಿದ್ವಿ, 1265ರಲ್ಲಿ ರಾಜನ ವಿರುದ್ಧ ದಂಗೆಯೆದ್ದ ಸೈಮನ್ ಡಿ ಮಾಂಟ್‌ಫರ್ಟ್ ಸತ್ತ ಯುದ್ಧ ಅದು, ನಮ್ ಕಡೆ ಹೊಯ್ಸಳರ ಮೂರನೇ ನರಸಿಂಹ ಆಳ್ತಿದ್ದ ಕಾಲ. ನೋಡಿದ್ದೇ ನೋಡಿದ್ದು, ಹುಚ್ಚು ಹಿಡೀತು, ಚಳಿಗಾಲ ಬರೋಷ್ಟರಲ್ಲಿ ಇಂಥದ್ದೇ ಯುದ್ಧ ಆಡೋ ಒಂದು ಗುಂಪಿಗೆ ಸೇರ್ಕೊಂಡೆ. ಅಲ್ಲಿರೋ ಹಳಬರು ಹೇಳಿದ್ದು ಇಷ್ಟೇ: ಕಮ್ಮಿ ದುಡ್ಡಲ್ಲಿ ನೈಟ್ ಆಗ್ಬೇಕಂದ್ರೆ 13ನೇ ಶತಮಾನ ಹಿಡಿ, ಆಗಿನ್ನೂ ಮೈತುಂಬ ಪ್ಲೇಟ್ ಆರ್ಮರ್ (ಉಕ್ಕಿನ ತಗಡಿನ ಕವಚ) ಬಂದಿರ್ಲಿಲ್ಲ, ಒಳಗೆ ಗ್ಯಾಂಬೆಸನ್ ಅನ್ನೋ ದಪ್ಪ ಮೆತ್ತೆ ಅಂಗಿ, ಮೇಲೆ ಚೈನ್‌ಮೇಲ್ ಅನ್ನೋ ಕಬ್ಬಿಣದ ರಿಂಗುಗಳ ಅಂಗಿ, ಅದ್ರ ಮೇಲೆ ಸರ್‌ಕೋಟ್ ಅನ್ನೋ ಬಟ್ಟೆ ನಿಲುವಂಗಿ, ತಲೆಗೆ ಮುಖಾನೂ ಮುಚ್ಚೋ ಗ್ರೇಟ್ ಹೆಲ್ಮ್, ಆಯ್ತು. ಅದೇ 1471ರ ಟ್ಯೂಕ್ಸ್‌ಬರಿ ಯುದ್ಧದ ಕಾಲದ ನೈಟ್ ಆಗ್ತೀನಿ ಅಂದ್ರೆ ಅಳತೆ ಕೊಟ್ಟು ಪೂರ್ತಿ ಪ್ಲೇಟ್ ಮಾಡಿಸ್ಬೇಕು, ಅದು ಸಾವಿರಗಟ್ಲೆ ಪೌಂಡ್ ಬಾಬ್ತು. ಇನ್ನೊಂದು ಮಾತೂ ಹೇಳಿದ್ರು, ಮೊದ್ಲು ಬಟ್ಟೆ ಮಾಡಿಸ್ಕೋ, ಲಿನನ್ ಶರ್ಟು, ಕಾಲಿಗೆ ಉಣ್ಣೆ ಹೋಸು (ಉದ್ದ ಕಾಲುಚೀಲ), ಟ್ಯೂನಿಕ್ಕು (ನಿಲುವಂಗಿ), ಶೂ, ಕಬ್ಬಿಣ ಎಲ್ಲ ಆಮೇಲೆ, ಅಲ್ಲೀವರ್ಗೂ ಗುಂಪಿಂದೇ ಕಿಟ್ ಹಾಕ್ಕೋ ಅಂತ. ನಾನು ಕೇಳ್ಬೇಕಲ್ಲ! ನನಗೆ ಮೊದಲ್ನೇ ದಿನಾನೇ ನೈಟ್ ಆಗ್ಬೇಕಿತ್ತು.

ಆ ಸೈಟಲ್ಲಿ "ಕಂಪ್ಲೀಟ್ ನೈಟ್ ಸೆಟ್, ಮ್ಯೂಸಿಯಂ ಕ್ವಾಲಿಟಿ, ಬ್ಯಾಟಲ್ ರೆಡಿ" ಅಂತ ಇತ್ತು, ಫೋಟೋದಲ್ಲಿ ಕುಲುಮೆ, ಸುತ್ತಿಗೆ, ಗಡ್ಡದ ಕಮ್ಮಾರ, ನಮ್ಮ ವರ್ಕ್‌ಶಾಪಲ್ಲಿ ಕೈಯಲ್ಲೇ ಬಡಿದಿದ್ದು ಅಂತ ಕತೆ. ನಾನೇನು ಸುಮ್ನೆ ದುಡ್ಡು ಕೊಟ್ಟಿಲ್ಲ, ಕೇಳೇ ಕೊಟ್ಟೆ. ಚೈನ್‌ಮೇಲಲ್ಲಿ ನೋಡ್ಬೇಕಾದ್ದು ಒಂದೇ ಅಂತ ಗೊತ್ತಿತ್ತು, ಆಗಿನ ಕಾಲದ ರಿಂಗಿನ ತುದಿಗಳನ್ನ ಚಪ್ಪಟೆ ಮಾಡಿ, ಒಂದ್ರ ಮೇಲೊಂದು ತಂದು, ತೂತು ಹೊಡ್ದು ಸಣ್ಣ ರಿವೆಟ್ (ಬಡಿದು ಕೂರ್ಸೋ ಮೊಳೆ) ಹಾಕ್ತಿದ್ರು, ಈಗಿನ ಅಗ್ಗದ್ದು ಬಟೆಡ್, ತಂತಿ ಬಗ್ಗಿಸಿ ತುದಿಗೆ ತುದಿ ತಾಗ್ಸಿ ಬಿಡ್ತಾರೆ ಅಷ್ಟೇ, ಎಳೆದ್ರೆ ಬಾಯ್ಬಿಡುತ್ತೆ. ಅದಕ್ಕೇ ಬರೆದು ಕೇಳ್ದೆ, "ಇದು ರಿವೆಟೆಡ್ ತಾನೇ?" ಉತ್ತರ ಹತ್ತೇ ನಿಮಿಷದಲ್ಲಿ ಬಂತು: "ಎಸ್ ಸರ್, ಆಲ್ ರಿಂಗ್ಸ್ ಫುಲ್ಲಿ ಕ್ಲೋಸ್ಡ್." ಎಸ್ ಅಂದಿದಾನಲ್ಲ! ನಾನು ಎಸ್ ಮಾತ್ರ ಓದ್ದೆ, ಮುಂದಿಂದು ಓದ್ಲಿಲ್ಲ. ಅದ್ರ ಮೇಲೆ ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿದ್ರೆ 5 ಪರ್ಸೆಂಟ್ ಡಿಸ್ಕೌಂಟ್ ಅಂದ, ಅದಕ್ಕೂ ಬಿದ್ದೆ. 5 ಪರ್ಸೆಂಟ್‌ಗೆ!

ಫೆಬ್ರವರಿ ಕೊನೇಲಿ ಡಬ್ಬ ಬಂತು, 20 ಕೆಜಿ ಮೇಲಿತ್ತು. ಹಾಕ್ಕೊಂಡು ಫೋಟೋ ತೆಗ್ಸಿ ಊರಿಗೆಲ್ಲಾ ಕಳಿಸ್ದೆ, ಅಮ್ಮ "ಇದೇನೋ ವೇಷ" ಅಂದ್ರು. ಏಪ್ರಿಲಲ್ಲಿ ಮೊದಲ್ನೇ ಟ್ರೇನಿಂಗು. ಅಲ್ಲಿ ಕಿಟ್ ಚೆಕ್ ಮಾಡೋ ಹೆಂಗಸು ಒಬ್ರು, ಅರವತ್ತು ದಾಟಿರ್ಬೇಕು, ನನ್ನ ನೋಡಿ ಏನೂ ಮಾತಾಡ್ಲಿಲ್ಲ, ತೋಳ ಹತ್ರ ಒಂದು ರಿಂಗ್ ಹಿಡ್ಕೊಂಡು ಎರಡು ಬೆರಳಲ್ಲಿ ತಿರುಚಿದ್ರು ಅಷ್ಟೇ, ರಿಂಗು ಅವ್ರ ಕೈಗೆ ಬಂತು. "ಕೈ ಎತ್ತಪ್ಪ" ಅನ್ನೋ ಥರ ಸನ್ನೆ ಮಾಡಿದ್ರು. ಎತ್ತಿದೆ. ಕಂಕುಳಿಂದ ಟಿಣ್ ಟಿಣ್ ಟಿಣ್ ಅಂತ ರಿಂಗುಗಳು ಸಿಮೆಂಟ್ ನೆಲದ ಮೇಲೆ ಉದುರ್ತಾ ಇವೆ, ಹರಿದ ಚೀಲದಿಂದ ರಾಗಿ ಸೋರ್ದಂಗೆ, ಇಡೀ ಹಾಲಲ್ಲಿ ಇಪ್ಪತ್ತು ಜನ ನೋಡ್ತಿದಾರೆ, ಯಾರೂ ನಗ್ಲಿಲ್ಲ, ನಕ್ಕಿದ್ರೇ ವಾಸಿಯಿತ್ತು. ಒಬ್ಬ ಬಗ್ಗಿ ರಿಂಗುಗಳ್ನ ಆರ್ಸಿ ನನ್ನ ಕೈಗೆ ಕೊಟ್ಟ. ಅದು ಇನ್ನೂ ಕಣ್ಮುಂದೆ ಬರುತ್ತೆ.

ಆಮೇಲೆ ಒಂದೊಂದೇ ಬಯಲಾಯ್ತು. ಹೆಲ್ಮಿನ ತಗಡು 1.2 ಮಿಮೀ, ಆ ಗುಂಪಲ್ಲಿ ಹೊಡೆದಾಟಕ್ಕೆ ಕನಿಷ್ಠ 1.6, ನೆತ್ತಿಗೆ 2 ಕೇಳ್ತಾರೆ. ಅದೂ ಮೊನೆ ನೆತ್ತಿಯ ಶುಗರ್‌ಲೋಫ್, ಅಂದ್ರೆ 1300ರ ಆಸುಪಾಸಿಂದು, 1265ಕ್ಕೆ ಚಪ್ಪಟೆ ನೆತ್ತಿದು ಬೇಕು. ಗ್ಯಾಂಬೆಸನ್ ಪಾಲಿಯೆಸ್ಟರ್, ಕ್ಯಾಂಪಲ್ಲಿ ಬೆಂಕಿ ಕಿಡಿ ಬಿದ್ರೆ ಕರಗಿ ಮೈಗೆ ಅಂಟ್ಕೊಳುತ್ತೆ. ಕತ್ತಿ ಸ್ಟೇನ್‌ಲೆಸ್, ಹಿಡಿ ಒಳಗೆ ಪೆನ್ಸಿಲ್ ಗಾತ್ರದ ಕಡ್ಡಿ, ಬೀಸಿದ್ರೆ ಯಾರ ಮೇಲೆ ಹಾರುತ್ತೋ. ಗೋಡೆಗೆ ನೇತಾಕು ಅಂದ್ರು. ಗುರಾಣಿ ಒಂದು ಪರವಾಗಿಲ್ಲ.

ಈಗ ಆ ಅಂಗಡಿಯವನ ಉತ್ತರಗಳು ಕೇಳಿ. ರಿವೆಟೆಡ್ ಅಂದ್ರಲ್ಲಾ ಅಂದ್ರೆ: "ನಾವು ಕ್ಲೋಸ್ಡ್ ಅಂದಿದ್ದು ಸರ್, ರಿಂಗ್ಸ್ ಕ್ಲೋಸ್ಡೇ ಇದಾವೆ." ಉದುರ್ತಿವೆ ಅಂದ್ರೆ: "ನೀವು ಹೆಚ್ಚಿಗೆ ಅಲ್ಲಾಡಿದೀರ." ಯುದ್ಧದ ಬಟ್ಟೆ ಹಾಕ್ಕೊಂಡು ಅಲ್ಲಾಡ್ಬಾರ್ದಂತೆ! ಕಾಲಕ್ಕೆ ಸರಿಯಾಗಿಲ್ಲ ಅಂದ್ರೆ: "ಇತಿಹಾಸದಲ್ಲಿ ಅವ್ರವ್ರ ಅಭಿಪ್ರಾಯ ಇರುತ್ತೆ." ವಾಪಸ್ ತಗೋ ಅಂದ್ರೆ: "14 ದಿನ ಮುಗ್ದಿದೆ, ನೀವು ಹಾಕ್ಕೊಂಡಿರೋ ಫೋಟೋನೂ ಇದೆ." ಆ ಫೋಟೋ ಖುಷೀಲಿ ಅವನಿಗೆ ಕಳ್ಸಿದ್ದೂ ನಾನೇ, ಥ್ಯಾಂಕ್ಸ್ ಅಂತ ಬೇರೆ ಬರೆದು. ಆನ್‌ಲೈನಲ್ಲಿ ತಗೊಂಡಿದ್ದಕ್ಕೆ ಇಲ್ಲಿ 14 ದಿನದ ಕ್ಯಾನ್ಸಲ್ ಹಕ್ಕಿದೆ, ನಾನು ತಿಂಗಳು ಗಟ್ಲೆ ಬಿಟ್ಟಿದ್ದೆ. ಕ್ರೆಡಿಟ್ ಕಾರ್ಡಲ್ಲಿ ಕೊಟ್ಟಿದ್ರೆ 100 ಪೌಂಡ್ ಮೇಲಿನ ಮಾಲಿಗೆ ಸೆಕ್ಷನ್ 75 ಅನ್ನೋ ಇಲ್ಲಿನ ಕಾನೂನಲ್ಲಿ ದುಡ್ಡು ವಾಪಸ್ ಕೊಡು ಅಂತ ಕಾರ್ಡ್ ಕಂಪನಿನೇ ಹಿಡೀಬಹುದಿತ್ತು, ಅದೂ ಹೋಯ್ತು.

ಮಂಗಳಾರತಿ ಇನ್ನೂ ಮುಗ್ದಿಲ್ಲ. ಬೆಂಗಳೂರಲ್ಲಿರೋ ನನ್ನ ತಮ್ಮ ಫೋಟೋ ಹಾಕಿ ಹುಡುಕ್ದ, ಅದೇ ಸೆಟ್ಟು, ಅದೇ ಫೋಟೋ, ಡೆಹ್ರಾಡೂನ್ ಕಡೆಯ ಹೋಲ್‌ಸೇಲ್ ಪಟ್ಟೀಲಿ, ನಾನು ಕೊಟ್ಟಿದ್ದರ ಕಾಲುಭಾಗಕ್ಕೆ. "ಲೋ ಅಣ್ಣಾ, ನಮ್ ದೇಶದ್ದನ್ನೇ ಗಡ್ಡದ ದೊರೆ ಹತ್ರ ಪೌಂಡ್ ಕೊಟ್ಟು ತಗೊಂಡ್ಯಾ" ಅಂದ. ಮಾಡ್ದೋರನ್ನ ನಾನು ಬೈಯ್ಯಲ್ಲ, ಅವ್ರು ಪಟ್ಟೀಲಿ ನೇರವಾಗಿ ಬಟೆಡ್, ಡೆಕೊರೇಷನ್‌ಗೆ ಅಂತ ಬರ್ದಿದಾರೆ, ರಿವೆಟೆಡ್ ಬೇರೆನೇ ಇದೆ, ರೇಟೂ ಬೇರೆ. ನಮ್ಮ ಗುಂಪಲ್ಲಿ ಅರ್ಧ ಜನ ಹಾಕ್ಕೊಂಡಿರೋದು ಇಂಡಿಯಾದ ರಿವೆಟೆಡ್ ಚೈನ್‌ಮೇಲೇ. ಸುಳ್ಳು ಹೇಳಿದ್ದು ನಡುವೆ ಕೂತು ಮಾರಿದ ಗಡ್ಡಪ್ಪ.

ನಿಮಗೆ ಹೇಳೋದು: ರಿಂಗಿನ ಹತ್ರದ ಫೋಟೋ ಕೇಳಿ, ರಿವೆಟ್ ತಲೆ ಕಾಣ್ಲೇಬೇಕು. ತಗಡಿನ ದಪ್ಪ ಮಿಲಿಮೀಟರಲ್ಲಿ ಬರ್ಕೊಡು ಅನ್ನಿ. ಚೈನ್‌ಮೇಲ್ ತಗೊಳೋಕೆ ಮುಂಚೆ ಗ್ಯಾಂಬೆಸನ್ ಹಾಕ್ಕೊಂಡು ಎದೆ ಅಳತೆ ತಗೊಳಿ, ನಾನು ಟೀಶರ್ಟ್ ಸೈಜ್ ಕೊಟ್ಟು ಅದೂ ಬಿಗಿಯಾಯ್ತು. ಕಾರ್ಡಲ್ಲೇ ಕೊಡಿ. "ಕಂಪ್ಲೀಟ್ ಸೆಟ್" ಅಂದ್ರೆ ಓಡಿ.

ನಿನ್ನೆ ಆ ಅಂಗಡಿಯವನಿಂದ ಇಮೇಲ್ ಬಂದಿದೆ, ಐದು ಸ್ಟಾರ್ ರಿವ್ಯೂ ಬರೆದ್ರೆ ಮುಂದಿನ ಆರ್ಡರ್‌ಗೆ 10 ಪರ್ಸೆಂಟ್ ಕಮ್ಮಿ ಅಂತೆ. ಒಂದು ಸ್ಟಾರ್ ಕೊಟ್ಟು ಕಂಕುಳಿನ ಫೋಟೋ ಹಾಕಿದೀನಿ. "ಪರಿಶೀಲನೆಯಲ್ಲಿದೆ" ಅಂತ ತೋರಿಸ್ತಾನೇ ಇದೆ.