ಅಮೆರಿಕದಲ್ಲಿ ಸ್ಟೋರೇಜ್ ಯೂನಿಟ್‌ ಇಟ್ಟುಕೊಂಡು ಊರಿಗೆ ಬರುವವರು ಇದನ್ನು ಓದಿ

ಕ್ಯಾಲಿಫೋರ್ನಿಯಾದಲ್ಲಿ ಸಾಮಾನು ಇಡಲು ಬಾಡಿಗೆಗೆ ಸಿಗುವ ಕೋಣೆಗೆ, ಅಂದರೆ ಸ್ಟೋರೇಜ್ ಯೂನಿಟ್‌ಗೆ ಸಾಮಾನು ತುಂಬಿ, ಬೀಗ ಹಾಕಿ ಊರಿಗೆ ಬಂದವರು ನಮ್ಮವರಲ್ಲಿ ತುಂಬಾ ಜನ ಇದ್ದಾರೆ. ನಾವೂ ಹಾಗೇ ಬಂದವರು. ನಮ್ಮ ಇಡೀ ಮನೆಯ ಸಾಮಾನು ಅಲ್ಲಿ ಹರಾಜಾಗಿ ಹೋಯಿತು. ನಮಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.

ಮಾವನವರಿಗೆ ಹುಷಾರಿಲ್ಲ ಎಂದು ಸ್ಯಾನ್ ಹೋಸೆಯ ಮನೆ ಖಾಲಿ ಮಾಡಿ ಹಾಸನಕ್ಕೆ ಬಂದಿದ್ದೆವು. ಯೂನಿಟ್ ಬಾಡಿಗೆ ತಿಂಗಳು ತಿಂಗಳು ಕಾರ್ಡಿನಿಂದ ತಾನಾಗಿಯೇ ಕಟ್ಟಿ ಹೋಗುತ್ತಿತ್ತು. ನಡುವೆ ಬ್ಯಾಂಕಿನವರು ಕಾರ್ಡ್ ಬದಲಾಯಿಸಿದರು, ಬಾಡಿಗೆ ನಿಂತಿತು. ಸ್ಟೋರೇಜ್‌ನವರಿಂದ ಒಂದು ಫೋನ್ ಕೂಡ ಬರಲಿಲ್ಲ. ನೋಟಿಸ್‌ಗಳೆಲ್ಲ ನಾವು ಬಿಟ್ಟುಬಂದ ಮನೆಗೇ ಹೋದವು.

ಕೇಸ್ ಹಾಕೋಣ ಎಂದು ಹೊರಟಾಗ ಕ್ಯಾಲಿಫೋರ್ನಿಯಾದ ಕಾನೂನು ಅರ್ಥವಾಯಿತು. ಬಾಡಿಗೆ 14 ದಿನ ಬಾಕಿ ಉಳಿದರೆ ಅವರು ಮೊದಲ ನೋಟಿಸ್ ಕಳಿಸಬಹುದು. ಅದರಲ್ಲಿ ಕಟ್ಟಲು ಕನಿಷ್ಠ 14 ದಿನ ಕೊಡಬೇಕು. ಆಮೇಲೆ ಹರಾಜಿನ ನೋಟಿಸ್, ಅದಕ್ಕೂ ಕನಿಷ್ಠ 14 ದಿನ. ನಂತರ ಪತ್ರಿಕೆಯಲ್ಲಿ ಪ್ರಕಟಣೆ. ಮೊದಲ ಪ್ರಕಟಣೆಯಾಗಿ 15 ದಿನ ಕಳೆಯುವ ತನಕ ಮಾರುವಂತಿಲ್ಲ. ಎಲ್ಲ ಕೂಡಿದರೂ ಎರಡು ತಿಂಗಳಾಗುವುದಿಲ್ಲ!

ನನಗೆ ಜಾಸ್ತಿ ನೋವು ತಂದಿದ್ದು ಆ ಪತ್ರಿಕೆ ಪ್ರಕಟಣೆ. ಅದರಲ್ಲಿ ನಮ್ಮ ಯಜಮಾನರ ಹೆಸರಿದೆ, ಸ್ಟೋರೇಜ್ ಇರುವ ಜಾಗ ಇದೆ, ಒಳಗಿರುವುದು ‘ಮನೆ ಸಾಮಾನು, ಪೆಟ್ಟಿಗೆಗಳು’ ಎಂದಿದೆ. ಕಾನೂನು ಕೇಳುವುದೂ ಅಷ್ಟೇ. ಆ ಪೆಟ್ಟಿಗೆಗಳಲ್ಲಿ ನನ್ನ ವೀಣೆ, ಧಾರೆ ಸೀರೆ, ಮಗಳ ಫೋಟೋ ಆಲ್ಬಂಗಳಿದ್ದವು. ಹಾಸನದಲ್ಲಿ ಕೂತವರು ಸ್ಯಾನ್ ಹೋಸೆಯ ಪತ್ರಿಕೆಯ ಸಣ್ಣ ಅಕ್ಷರ ಓದುವುದು ಹೇಗೆ? ಆದರೆ ನೋಟಿಸ್ ನಿಮ್ಮ ಕೈಗೆ ಸೇರಿತು ಎಂದು ಸ್ಟೋರೇಜ್‌ನವರು ತೋರಿಸಬೇಕಾಗಿಲ್ಲ. ನೀವು ಕೊನೆಯದಾಗಿ ಕೊಟ್ಟಿದ್ದ ವಿಳಾಸ ಸರಿಯಾಗಿ ಬರೆದು, ಸ್ಟಾಂಪ್ ಹಚ್ಚಿ ಅಂಚೆಗೆ ಹಾಕಿದರೆ ತಲುಪಿದೆ ಎಂದೇ ಕಾನೂನು ಎಣಿಸುತ್ತದೆ. ಹರಾಜಿನಲ್ಲಿ ಪ್ರಾಮಾಣಿಕವಾಗಿ ಕೊಂಡವರಿಂದ ಸಾಮಾನು ವಾಪಸ್ ಕೇಳುವ ಹಕ್ಕೂ ಇಲ್ಲ.

ಆದ್ದರಿಂದ ದಯವಿಟ್ಟು ಇವತ್ತೇ ನಿಮ್ಮ ಕರಾರು ಪತ್ರ ತೆಗೆದು ನೋಡಿ. ಅದರಲ್ಲಿ ಇನ್ನೊಂದು ವಿಳಾಸ ಕೊಡಲು ಜಾಗ ಇರುತ್ತದೆ. ಅಲ್ಲೇ ಇರುವ ನಂಬಿಕಸ್ತ ಗೆಳೆಯರ ವಿಳಾಸ ಕೊಡಿ, ಆಗ ಅವರಿಗೂ ನೋಟಿಸ್ ಕಳಿಸಲೇಬೇಕು. ಇಮೇಲ್‌ನಲ್ಲಿ ನೋಟಿಸ್ ಕಳಿಸಬಹುದು ಎಂದು ಸಹಿ ಹಾಕಿದ್ದರೆ ಸ್ಪ್ಯಾಮ್ ಕೂಡ ನೋಡುತ್ತಿರಿ. ಕಾರ್ಡ್ ಬದಲಾದ ದಿನವೇ ಹೊಸ ನಂಬರ್ ಹಾಕಿ. ಬೇರೆ ರಾಜ್ಯಗಳಲ್ಲಿ ದಿನಗಳ ಲೆಕ್ಕ ಬೇರೆ ಇರುತ್ತದೆ, ನಿಮ್ಮದನ್ನು ವಿಚಾರಿಸಿಕೊಳ್ಳಿ.

ನೋಟಿಸ್ ಕೈಗೆ ಸಿಕ್ಕರೆ ಸುಮ್ನೆ ಕೂರಬೇಡಿ. ಹರಾಜಿಗೆ ಮೊದಲು ಬಾಕಿ, ಖರ್ಚು ಎಲ್ಲ ಕಟ್ಟಿದರೆ ಸಾಮಾನು ಉಳಿಯುತ್ತದೆ. ಬಾಕಿಯೇ ತಪ್ಪು ಎನಿಸಿದರೆ ಹರಾಜಿನ ನೋಟಿಸ್ ಜೊತೆ ಬರುವ ಆಕ್ಷೇಪಣೆ ಫಾರಂಗೆ ಸಹಿ ಹಾಕಿ, ಹೇಳಿದ ದಿನಾಂಕದೊಳಗೆ, ಕಳಿಸಿದ್ದಕ್ಕೆ ರಸೀದಿ ಸಿಗುವ ಅಂಚೆ, ಅಂದರೆ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ. ಆಗ ಅವರು ಕೋರ್ಟಿಗೆ ಹೋಗದೆ ಮಾರುವಂತಿಲ್ಲ.

ಹರಾಜು ಮುಗಿದೇ ಹೋಗಿದ್ದರೆ, ಬಾಕಿ ಮುರಿದುಕೊಂಡು ಉಳಿದ ಹಣವನ್ನು ಒಂದು ವರ್ಷದೊಳಗೆ ಕೇಳಿ ಪಡೆಯಬಹುದು. ವರ್ಷ ದಾಟಿದರೆ ಅದು ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಖಜಾನೆಗೆ ಹೋಗುತ್ತದೆ. ನಾವೀಗ ಅದಕ್ಕೆ ಪತ್ರ ಬರೆದಿದ್ದೇವೆ.