ಬಾಗಲಕೋಟೆ–ವಿಜಯಪುರ: ಬಸ್ಸು, ರೈಲು, ಕಾರು, ಬಾಡಿಗೆ ಕೋಣೆ ನಾಲ್ಕನ್ನೂ ನೋಡಿದ ಮೇಲೆ

ನನ್ನ ಮನೆ ಬಾಗಲಕೋಟೆಯ ನವನಗರದಲ್ಲಿ, ಕೆಲಸ ವಿಜಯಪುರದಲ್ಲಿ. ನಡುವೆ ಸುಮಾರು 80 ಕಿ.ಮೀ. ರಸ್ತೆ, ಘಟಪ್ರಭಾ ಮತ್ತು ಕೃಷ್ಣಾ ಎರಡು ಹೊಳೆ. ಕಳೆದ ವರ್ಷ ಜೂನ್‌ನಲ್ಲಿ ಅಲ್ಲಿನ ಒಂದು ಖಾಸಗಿ ಸಂಸ್ಥೆಯ ಲೆಕ್ಕಪತ್ರ ವಿಭಾಗಕ್ಕೆ ಸೇರಿದೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಕೆಲಸ, ಭಾನುವಾರ ಮಾತ್ರ ರಜೆ. ಮನೆಯಲ್ಲಿ ಪತಿ, ಅತ್ತೆ, ನಾಲ್ಕನೆಯ ತರಗತಿಯ ಮಗಳು, ಮೂರು ವರ್ಷದ ಮಗ.

ಕೆಲಸ ಸಿಕ್ಕ ಸುದ್ದಿ ಕೇಳಿದವರೆಲ್ಲ ಮೊದಲು ಹೇಳಿದ್ದು, ಮನೆಯನ್ನೇ ವಿಜಯಪುರಕ್ಕೆ ಸಾಗಿಸಿ ಎಂದು. ಅದೊಂದನ್ನು ನಾವು ಪ್ರಯತ್ನಿಸಲೇ ಇಲ್ಲ. ಪತಿಯ ಅಂಗಡಿ ಇಲ್ಲಿದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡದು ಅತ್ತೆಯವರದು. ಹಳೆ ಬಾಗಲಕೋಟೆಯ ಅವರ ಮನೆ ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಹೋಯಿತು. ಆ ಮನೆಯ ಬಾಗಿಲ ಚೌಕಟ್ಟನ್ನು ಕಿತ್ತು ತಂದು ನವನಗರದ ಮನೆಗೆ ಕೂಡಿಸಿದ್ದಾರೆ. ‘ನಾನು ಒಮ್ಮೆ ಮನೆ ಎತ್ತಿದ್ದೇನೆ, ಇನ್ನೊಮ್ಮೆ ಎತ್ತುವುದಿಲ್ಲ’ ಎಂದರು. ಆ ಮಾತಿಗೆ ಎದುರು ಹೇಳುವ ಹಕ್ಕು ನಮಗಿದೆ ಎಂದು ನನಗೆ ಅನಿಸಲಿಲ್ಲ. ಹಾಗಾಗಿ ಉಳಿದ ನಾಲ್ಕು ದಾರಿಗಳನ್ನು ಒಂದೊಂದಾಗಿ ನೋಡಿದೆ.

ಬಸ್ಸು (ಜೂನ್, ಜುಲೈ)

ಬೆಳಿಗ್ಗೆ ಏಳೂಕಾಲಿಗೆ ನವನಗರ ನಿಲ್ದಾಣದಲ್ಲಿ ನಿಂತರೆ ಒಂಬತ್ತೂವರೆಯ ಹೊತ್ತಿಗೆ ವಿಜಯಪುರ. ಸಂಜೆ ಐದೂಮುಕ್ಕಾಲಿಗೆ ಹೊರಟರೆ ಎಂಟಕ್ಕೆ ಮನೆ. ಅನಗವಾಡಿ, ಬೀಳಗಿ ಕ್ರಾಸ್, ಕೊರ್ತಿ, ಆಮೇಲೆ ಕೃಷ್ಣೆಯ ಉದ್ದನೆಯ ಸೇತುವೆ, ಕೊಲ್ಹಾರ, ಮುಳವಾಡ. ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿ ಇದು. ಒಂದು ಬಸ್ಸು ತಪ್ಪಿದರೆ ಅಳುತ್ತಾ ಕೂರುವ ಪ್ರಸಂಗ ಬರುವುದಿಲ್ಲ, ಹಿಂದೆಯೇ ಇನ್ನೊಂದು ಬರುತ್ತದೆ. ಬಸ್ಸಿನ ನಿಜವಾದ ಬಲ ಇದೇ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಖರ್ಚಿನ ಮಾತು ಹೇಳಲೇಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗದೆ ಇದ್ದಿದ್ದರೆ ನಾನು ಈ ಕೆಲಸ ಒಪ್ಪಿಕೊಳ್ಳುತ್ತಿದ್ದೆನೋ ಇಲ್ಲವೋ. ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ಬಾಗಲಕೋಟೆ ವಾಯವ್ಯ ಸಾರಿಗೆಗೆ, ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಗೆ ಸೇರಿದ್ದರೂ ಎರಡೂ ಕಡೆಯ ಬಸ್ಸಿನಲ್ಲಿ ಇದು ನಡೆಯುತ್ತದೆ. ಆದರೆ ಗಡಿ ದಾಟಿ ಸೊಲ್ಲಾಪುರಕ್ಕೆ ಹೋಗುವ ಅಂತರರಾಜ್ಯ ಬಸ್ಸಿಗೆ ಹತ್ತಿದರೆ ಟಿಕೆಟ್ ಕೊಳ್ಳಬೇಕು. ಮೊದಲ ವಾರದಲ್ಲಿ ಎರಡು ಸಲ ಹಾಗೆ ಹತ್ತಿ ಹಣ ಕೊಟ್ಟೆ. ಬೋರ್ಡು ನೋಡಿ ಹತ್ತಿ.

ಇನ್ನೊಂದು ಸಣ್ಣ ವಿಷಯ, ಬೇಸಿಗೆಯಲ್ಲಿ ದೊಡ್ಡದಾಗುತ್ತದೆ. ಬೆಳಿಗ್ಗೆ ಉತ್ತರಕ್ಕೆ ಹೋಗುವಾಗ ಬಿಸಿಲು ಬಲಗಡೆ. ಸಂಜೆ ದಕ್ಷಿಣಕ್ಕೆ ಬರುವಾಗಲೂ ಬಲಗಡೆಯೇ. ಎರಡು ಹೊತ್ತೂ ಎಡಗಡೆಯ ಸೀಟು ಹಿಡಿಯಿರಿ.

ಕಷ್ಟವಿರಲಿಲ್ಲವೆಂದಲ್ಲ. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಏಳಬೇಕು. ಸೋಮವಾರ ಬೀಳಗಿ ಕ್ರಾಸಿನವರೆಗೆ ನಿಂತೇ ಹೋಗಬೇಕು. ಎರಡನೆಯ ತಿಂಗಳ ಹೊತ್ತಿಗೆ ಸೊಂಟ ಹಿಡಿಯಿತು, ಭಾನುವಾರ ಮಕ್ಕಳೊಂದಿಗೆ ಕೂರುವ ಬದಲು ಮಲಗಿಯೇ ಕಳೆದೆ. ಇದು ಆಗದ ಮಾತು, ಬೇರೆ ದಾರಿ ನೋಡೋಣ ಎಂದು ತೀರ್ಮಾನಿಸಿದ್ದು ಆಗ.

ಆ ಎರಡು ತಿಂಗಳಲ್ಲಿ ಒಂದು ರೂಢಿ ಬೆಳೆಯಿತು. ಕೊಲ್ಹಾರದಲ್ಲಿ ಬಸ್ಸು ನಿಂತಾಗ ಮೊಸರು ಮಾರುವವರು ಕಿಟಕಿಯ ಬಳಿಗೆ ಬರುತ್ತಾರೆ. ಕೊಲ್ಹಾರದ ಗಟ್ಟಿ ಮೊಸರು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ! ಅಂಗೈಯಲ್ಲಿ ಕೂರುವಷ್ಟು ಮಣ್ಣಿನ ಕುಡಿಕೆ, ಮೇಲೆ ಕಾಗದ ಕಟ್ಟಿ ದಾರ ಸುತ್ತಿರುತ್ತಾರೆ. ಕುಡಿಕೆ ನೀರನ್ನು ಹೀರಿಕೊಂಡು ಹೊರಮೈಯೆಲ್ಲ ತೇವವಾಗಿ ತಣ್ಣಗಿರುತ್ತದೆ. ವಾರಕ್ಕೆ ಎರಡು ಮೂರು ಸಲ ಒಂದನ್ನು ಕೊಂಡು ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದೆ. ಎಂಟೂವರೆಗೆ ಎಲ್ಲರೂ ಕೂಡಿ ಊಟಕ್ಕೆ ಕುಳಿತಾಗ ಮಗಳು ದಾರ ಬಿಚ್ಚುವಳು. ಖಾಲಿ ಕುಡಿಕೆಗಳನ್ನು ತೊಳೆದು, ಮಣ್ಣು ತುಂಬಿ, ಮೆಂತ್ಯೆ ಕಾಳು ಹಾಕಿ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದಳು.

ರೈಲು (ಆಗಸ್ಟ್, ಮೂರು ವಾರ)

ಸುಖವಾದ ಪ್ರಯಾಣವೆಂದರೆ ಇದೇ. ಕಾಲು ಚಾಚಬಹುದು, ಓಡಾಡಬಹುದು, ಬುತ್ತಿ ಬಿಚ್ಚಿ ತಿನ್ನಬಹುದು. ತಿಂಗಳ ಸೀಸನ್ ಪಾಸು 150 ಕಿ.ಮೀ.ವರೆಗೆ ಸಿಗುವುದರಿಂದ ನಮ್ಮ ದೂರಕ್ಕೆ ಅಡ್ಡಿಯಿಲ್ಲ. ಸೀತಿಮನಿ ದಾಟಿ ಆಲಮಟ್ಟಿ ಕಡೆ ಕೃಷ್ಣೆಯ ಸೇತುವೆ ಬಂದಾಗ ಆಗಸ್ಟಿನ ತುಂಬು ಹಿನ್ನೀರು ಕಣ್ಣು ತುಂಬುತ್ತದೆ. ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್. ನಮ್ಮ ಊರಿನಲ್ಲಿ ಶಾಲೆಯ ಮಕ್ಕಳಿಗೂ ಈ ಅಂಕಿ ಬಾಯಿಪಾಠ, ಏಕೆಂದರೆ ಯಾರ ಮನೆ ಉಳಿಯಿತು, ಯಾರದು ಹೋಯಿತು ಎಂಬುದನ್ನೆಲ್ಲ ನಿರ್ಧರಿಸಿದ್ದು ಇಂಥ ಅಂಕಿಗಳೇ.

ಆದರೆ ರೈಲು ಪೂರ್ವಕ್ಕೆ ಬಳಸಿಕೊಂಡು ಆಲಮಟ್ಟಿ, ಬಸವನಬಾಗೇವಾಡಿ ರೋಡ್ ಮೇಲೆ ಹೋಗುತ್ತದೆ. ಬೆಳಗಿನ ಗಾಡಿ ನನ್ನ ಕಚೇರಿಯ ಹೊತ್ತಿಗೆ ಬಹಳ ಬೇಗ, ಸಂಜೆಯದು ಐದೂವರೆಗೆ ಕೆಲಸ ಬಿಡುವವರಿಗಾಗಿ ಕಾಯುವುದಿಲ್ಲ. ಕೂಡಗಿ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಹೊತ್ತ ಗಾಡಿಗಳೂ ಇದೇ ಮಾರ್ಗದಲ್ಲಿ ಓಡುತ್ತವೆ. ಬೆಳಿಗ್ಗೆ ಮಗ ಏಳುವ ಮೊದಲೇ ಮನೆ ಬಿಡುತ್ತಿದ್ದೆ. ಸಂಜೆ ರೈಲು ತಪ್ಪಿದ ದಿನ ಗೋಲಗುಂಬಜದ ಬಳಿಯ ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಆಟೋ, ಅಲ್ಲಿಂದ ಬಸ್ಸು, ಮನೆ ಸೇರುವಾಗ ಒಂಬತ್ತು. ಮೂರು ವಾರದಲ್ಲಿ ಏಳು ದಿನ ಹೀಗಾಯಿತು. ಪಾಳಿಯ ಕೆಲಸದವರಿಗೆ, ಬೆಳಿಗ್ಗೆ ಬೇಗ ಹೋಗಿ ಬೇಗ ಬಿಡುವವರಿಗೆ ರೈಲನ್ನು ಬಿಡಬೇಡಿ ಎಂದೇ ಹೇಳುತ್ತೇನೆ. ನನ್ನ ಗಡಿಯಾರಕ್ಕೆ ಅದು ಕೂಡಲಿಲ್ಲ.

ಹಂಚಿಕೊಂಡ ಕಾರು (ಸೆಪ್ಟೆಂಬರ್‌ನಿಂದ ಡಿಸೆಂಬರ್)

ನವನಗರ ಮತ್ತು ವಿದ್ಯಾಗಿರಿಯಿಂದ ಹೋಗುವ ನಾಲ್ವರು ಸೇರಿ ಒಬ್ಬರ ಕಾರಿನಲ್ಲಿ ಹೋಗತೊಡಗಿದೆವು. ಡೀಸೆಲ್ ಹಂಚಿಕೊಂಡರೆ ತಿಂಗಳಿಗೆ ತಲಾ ₹4,500ರ ಆಸುಪಾಸು. ಮನೆ ಬಾಗಿಲಿನಲ್ಲಿ ಹತ್ತಿ, ಕಚೇರಿಯ ಬಾಗಿಲಿನಲ್ಲಿ ಇಳಿಯುವುದು. ಒಂದೂವರೆ ಗಂಟೆ. ಬೆಳಿಗ್ಗೆ ಒಂದು ಗಂಟೆ ಹೆಚ್ಚು ಸಿಕ್ಕಿತು, ಸೊಂಟ ನೋವು ಹೋಯಿತು, ಮಗಳ ಜಡೆ ನಾನೇ ಹಾಕಿ ಶಾಲೆಗೆ ಕಳಿಸಿದೆ. ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಉತ್ತಮ. ಎರಡು ತಿಂಗಳು ನಾನೂ ಹಾಗೆಯೇ ನಂಬಿದ್ದೆ.

ಬಿಗಿ ಬಂದದ್ದು ಸಂಜೆಯಲ್ಲಿ. ನಾಲ್ವರಲ್ಲಿ ಯಾರ ಕೆಲಸ ಕೊನೆಗೆ ಮುಗಿಯುತ್ತದೆಯೋ ಆ ಹೊತ್ತಿಗೆ ಎಲ್ಲರೂ ಹೊರಡಬೇಕು. ಕೆಲವು ದಿನ ಏಳೂಕಾಲಿಗೆ ಮನೆ, ಕೆಲವು ದಿನ ಒಂಬತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ, ಎಲ್ಲರಿಗೂ ಅವರವರ ಮೇಲಧಿಕಾರಿಗಳಿದ್ದರು. ಆದರೆ ಸಂಜೆ ಆರಕ್ಕೆ ಮಗಳು ಫೋನು ಮಾಡಿ ‘ಅವ್ವಾ, ಎಷ್ಟು ಗಂಟೆಗೆ ಬರುತ್ತೀ?’ ಎಂದು ಕೇಳಿದರೆ ನನ್ನ ಬಳಿ ಉತ್ತರವಿರುತ್ತಿರಲಿಲ್ಲ. ಏಳಕ್ಕೆ ಎಂದು ಹೇಳಿ ಒಂಬತ್ತಕ್ಕೆ ಹೋದ ದಿನ ಅವಳು ತಟ್ಟೆಯ ಮುಂದೆಯೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ರೊಟ್ಟಿಯ ಅಂಚು ಮಾತ್ರ ಮುರಿದಿತ್ತು. ಡಿಸೆಂಬರ್ ಹೊತ್ತಿಗೆ ಅವಳು ಫೋನು ಮಾಡುವುದನ್ನೇ ಬಿಟ್ಟಳು. ಅದನ್ನು ನಾನು ಒಂದು ವಾರ ಗಮನಿಸಿರಲೇ ಇಲ್ಲ. ಗಮನಿಸಿದ ದಿನ ಕಾರಿನಲ್ಲಿ ಯಾರೊಂದಿಗೂ ಮಾತನಾಡಲು ಆಗಲಿಲ್ಲ.

ಬೇಗ ತಲುಪುವುದು ಬೇರೆ, ಹೇಳಿದ ಹೊತ್ತಿಗೆ ತಲುಪುವುದು ಬೇರೆ. ಚಿಕ್ಕ ಮಕ್ಕಳಿರುವ ಮನೆಗೆ ಎರಡನೆಯದು ಬೇಕು. ಇಷ್ಟನ್ನು ಮೊದಲೇ ಯಾರಾದರೂ ಹೇಳಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು. ಮಕ್ಕಳು ದೊಡ್ಡವರಾಗಿದ್ದರೆ, ಅಥವಾ ನಾಲ್ವರೂ ಒಂದೇ ಕಚೇರಿಯವರಾಗಿದ್ದರೆ, ಕಾರಿಗೆ ನನ್ನ ಆಕ್ಷೇಪವಿಲ್ಲ.

ಬಾಡಿಗೆ ಕೋಣೆ (ಜನವರಿ, ಫೆಬ್ರವರಿ)

ಆಶ್ರಮ ರಸ್ತೆಯ ಕಡೆ ಸಹೋದ್ಯೋಗಿಯೊಬ್ಬರ ಜೊತೆ ಕೋಣೆ ಹಿಡಿದೆ. ನನ್ನ ಪಾಲು ₹3,500. ಸೋಮವಾರ ಬೆಳಿಗ್ಗೆ ಹೋಗಿ ಶನಿವಾರ ಸಂಜೆ ಬರುವುದು. ನಿದ್ದೆ ತುಂಬಿತು, ಕೆಲಸದಲ್ಲಿ ತಪ್ಪುಗಳು ಕಡಿಮೆಯಾದವು, ಕಚೇರಿಯಲ್ಲಿ ಮೆಚ್ಚುಗೆಯೂ ಸಿಕ್ಕಿತು. ಉದ್ಯೋಗದ ಕಣ್ಣಿನಿಂದ ನೋಡಿದರೆ ಇದನ್ನು ಮೀರಿಸುವುದು ಯಾವುದೂ ಇಲ್ಲ.

ಎರಡನೆಯ ಶನಿವಾರ ಮನೆಗೆ ಹೋದಾಗ ಮಗ ಅತ್ತೆಯ ಸೆರಗಿನ ಹಿಂದೆ ಸರಿದು ನಿಂತ. ಕೈಚಾಚಿದರೂ ಬರಲಿಲ್ಲ. ಹತ್ತು ನಿಮಿಷವಾದ ಮೇಲೆ ಬಂದ, ಆದರೆ ಆ ಹತ್ತು ನಿಮಿಷ ನನ್ನೊಳಗೆ ಇನ್ನೂ ಇವೆ. ಫೆಬ್ರವರಿಯಲ್ಲಿ ಒಂದು ರಾತ್ರಿ ಒಂಬತ್ತೂವರೆಗೆ ಅವನಿಗೆ ಜ್ವರ ಏರಿದೆ ಎಂದು ಫೋನು ಬಂತು. ಸಿಕ್ಕ ಬಸ್ಸು ಹತ್ತಿ ಮನೆ ಸೇರುವಾಗ ಹನ್ನೆರಡು ದಾಟಿತ್ತು. ಪತಿ ವೈದ್ಯರಿಗೆ ತೋರಿಸಿಕೊಂಡು ಬಂದಿದ್ದರು, ಅತ್ತೆ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದರು. ಮಾಡುವುದಕ್ಕೆ ನನಗೇನೂ ಉಳಿದಿರಲಿಲ್ಲ. ಮಗುವಿನ ಪಕ್ಕದಲ್ಲಿ ಮಲಗಿದೆ. ಮರುದಿನವೇ ಕೋಣೆ ಬಿಡುವುದಾಗಿ ಹೇಳಿದೆ.

ಮತ್ತೆ ಬಸ್ಸು (ಮಾರ್ಚ್‌ನಿಂದ)

ಬಸ್ಸಿಗೆ ಮರಳಿದ್ದೇನೆ, ಆದರೆ ಜೂನ್‌ನಲ್ಲಿ ಮಾಡಿದಂತೆ ಅಲ್ಲ. ಆಗ ಸೊಂಟ ಹಿಡಿದದ್ದಕ್ಕೆ ಕಾರಣ ಬಸ್ಸಿನ ಸೀಟು ಮಾತ್ರವಾಗಿರಲಿಲ್ಲ. ನಾಲ್ಕೂಮುಕ್ಕಾಲಿಗೆ ಎದ್ದು ಇಡೀ ಮನೆಯ ರೊಟ್ಟಿ, ಪಲ್ಲೆ, ಎರಡು ಮಕ್ಕಳ ಡಬ್ಬಿ, ನೀರು ತುಂಬುವುದು ಎಲ್ಲವನ್ನೂ ಮುಗಿಸಿ ಹೊರಡುತ್ತಿದ್ದೆ. ಕೆಲಸಕ್ಕೆ ಸೇರಿದರೂ ಮನೆಗೆಲಸದ ಒಂದು ಕಡ್ಡಿಯನ್ನೂ ಬೇರೆಯವರಿಗೆ ಬಿಟ್ಟಿರಲಿಲ್ಲ. ಮಾರ್ಚ್‌ನಲ್ಲಿ ಮೂವರೂ ಕೂತು ಮಾತನಾಡಿದೆವು. ಬೆಳಗಿನ ಡಬ್ಬಿ ಮತ್ತು ಶಾಲೆ ಪತಿಯದು. ರೊಟ್ಟಿಯನ್ನು ಓಣಿಯಲ್ಲೇ ಬಡಿದು ಮಾರುವ ಹೆಣ್ಣುಮಗಳಿಂದ ತರಿಸುತ್ತೇವೆ. ಅತ್ತೆಗೆ ಮೊದಲು ಇದು ಹಿಡಿಸಲಿಲ್ಲ, ಈಗ ಅವರೇ ಲೆಕ್ಕ ಹಾಕಿ ಹಣ ಕೊಡುತ್ತಾರೆ. ರಾತ್ರಿಯ ಊಟ ನನ್ನದು. ಪತಿ ಜಡೆ ಹಾಕುವುದನ್ನು ಕಲಿತರು, ರಿಬ್ಬನ್ನಿನ ಗಂಟು ಕೂಡ.

ಕಚೇರಿಯಲ್ಲಿಯೂ ಒಂದನ್ನು ಕೇಳಿ ಪಡೆದೆ: ಊಟದ ಬಿಡುವನ್ನು ಅರ್ಧ ಗಂಟೆ ಕಡಿಮೆ ಮಾಡಿ ಐದಕ್ಕೇ ಬಿಡುವುದು. ಸೇರಿದ ಹೊಸದರಲ್ಲಿ ಕೇಳಲು ಅಂಜಿದ್ದೆ. ಒಂಬತ್ತು ತಿಂಗಳಾದ ಮೇಲೆ ಕೇಳಿದಾಗ ಎರಡು ನಿಮಿಷದಲ್ಲಿ ಒಪ್ಪಿದರು. ಈಗ ಐದೂಕಾಲಿನ ಬಸ್ಸು ಹಿಡಿದು ಏಳೂವರೆಗೆ ಮನೆ. ಬಸ್ಸು ಹತ್ತಿದ ಕೂಡಲೇ ನಾನೇ ಮಗಳಿಗೆ ಫೋನು ಮಾಡುತ್ತೇನೆ. ಕೊಲ್ಹಾರದಲ್ಲಿ ಇನ್ನೊಮ್ಮೆ.

ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನಗಳಿಗೆ ಸಹೋದ್ಯೋಗಿಯ ಕೋಣೆಯಲ್ಲಿ ಉಳಿಯುವ ಏರ್ಪಾಡು ಇಟ್ಟುಕೊಂಡಿದ್ದೇನೆ. ಮಾರ್ಚ್ 31ರ ಹೊತ್ತಿಗೆ ಮೂರು ರಾತ್ರಿ ಉಳಿಯಬೇಕಾಯಿತು. ಹೋಗುವ ಮೊದಲೇ ಹೇಳಿದ್ದರಿಂದ ಮಗಳು ಕ್ಯಾಲೆಂಡರಿನಲ್ಲಿ ಮೂರು ಚೌಕಗಳಿಗೆ ಗೆರೆ ಎಳೆದುಕೊಂಡಳು. ನಾಲ್ಕನೆಯ ದಿನ ಏಳೂವರೆಗೆ ಎರಡು ಕುಡಿಕೆ ಮೊಸರಿನೊಂದಿಗೆ ಮನೆ ಮುಟ್ಟಿದೆ. ಅತ್ತೆ ಕಿಟಕಿಯ ಮೆಂತ್ಯೆ ಕಿತ್ತು ಪಚಡಿ ಮಾಡಿಟ್ಟಿದ್ದರು.