ಬಿಎಕ್ಸ್ 100 ಲಿಪೋ ಅಲಾರಂ: ₹180ಕ್ಕೆ ಪ್ರತಿ ಸೆಲ್ಲಿನ ಲೆಕ್ಕ

ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಮುಟ್ಟುವವರು ಒಳ್ಳೆಯ ಚಾರ್ಜರ್ ಕೊಂಡ ಮೇಲೆ ಎರಡನೆಯದಾಗಿ ಕೊಳ್ಳಬೇಕಾದ ವಸ್ತು ಇದೇ: ಪ್ಯಾಕಿನ ಪ್ರತಿ ಸೆಲ್ಲಿನ ವೋಲ್ಟೇಜ್ ತೋರಿಸಿ, ಒಂದು ಸೆಲ್ ಇಳಿದರೂ ಕೂಗುವ ಬೋರ್ಡು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ತೂಕ ಸುಮಾರು 10 ಗ್ರಾಂ. ಮೇಲ್ಗಡೆ ಮೂರು ಅಂಕಿಯ ಕೆಂಪು ಡಿಸ್‌ಪ್ಲೇ, ಅಕ್ಕಪಕ್ಕ ಎರಡು ಬಜರ್, ನಡುವೆ ಒಂದು ಪುಟ್ಟ ಬಟನ್, ಅಂಚಿನಲ್ಲಿ ಸಾಲಾಗಿ 9 ಪಿನ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ₹180 ಕೊಟ್ಟು ತಂದೆ. ಇದಕ್ಕೆ ಬ್ರಾಂಡ್ ಅಂತ ಒಂದಿಲ್ಲ. ಅದೇ ಬೋರ್ಡು ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ಬರುತ್ತದೆ, ಅಂಗಡಿಯಲ್ಲಿ 'ಲಿಪೋ ಅಲಾರಂ' ಅಥವಾ 'ಬಿಎಕ್ಸ್ 100' ಅಂದರೆ ಸಾಕು, ಕೊಡುತ್ತಾರೆ.

ನಾನು ತುಮಕೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವವಳು. ನಮ್ಮ ಹುಡುಗ ಹುಡುಗಿಯರು ಫೋಮ್ ಬೋರ್ಡ್ ಕತ್ತರಿಸಿ ವಿಮಾನ ಮಾಡುತ್ತಾರೆ, ಕಾಲೇಜಿನ ಮೈದಾನದಲ್ಲೇ ಹಾರಿಸುತ್ತಾರೆ. ಎಲ್ಲದಕ್ಕೂ 3ಎಸ್, 2200 ಮಿಲಿಆಂಪಿಯರ್-ಅವರ್ ಪ್ಯಾಕ್. ಅಂದರೆ ಮೂರು ಸೆಲ್ ಸರಣಿಯಲ್ಲಿ. ಪೂರ್ತಿ ತುಂಬಿದಾಗ ಒಂದೊಂದೂ 4.20 ವೋಲ್ಟ್, ಒಟ್ಟು 12.6. ಹೊಸಬರು ಬಂದಾಗಲೆಲ್ಲ ಒಂದೇ ಪ್ರಶ್ನೆ: "ಮೇಡಂ, ಮೀಟರ್ ಇದೆಯಲ್ಲ, ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಯಲ್ಲಿ, ಬ್ಯಾಟರಿ ಇಳಿದರೆ ಮೋಟಾರ್ ನಿಲ್ಲಿಸುವ ಕಟ್-ಆಫ್ ಕೂಡ ಇದೆ. ಇದು ಯಾಕೆ ಬೇಕು?"

ಅದಕ್ಕೆ ಉತ್ತರ ನಮ್ಮ ಕಪಾಟಿನಲ್ಲೇ ಇದೆ. ಬಹಳ ದಿನ ದುಡಿದ ಒಂದು ಪ್ಯಾಕ್. ದಪ್ಪ ತಂತಿಗಳಿಗೆ ಮೀಟರ್ ಹಿಡಿದರೆ 11.07 ವೋಲ್ಟ್ ತೋರಿಸುತ್ತದೆ. ಮೂರರಿಂದ ಭಾಗಿಸಿದರೆ 3.69. ಸ್ವಲ್ಪ ಇಳಿದಿದೆ, ಇನ್ನೊಂದು ಸಣ್ಣ ಹಾರಾಟಕ್ಕೆ ಆಗುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಅದನ್ನೇ ಈ ಪುಟ್ಟ ಬೋರ್ಡಿಗೆ ಚುಚ್ಚಿ ನೋಡಿ: 3.78, 3.78, 3.51. ಮೂರನೆಯ ಸೆಲ್ ಸೋತಿದೆ, ಉಳಿದೆರಡು ಅದರ ಸೋಲನ್ನು ಮುಚ್ಚಿಡುತ್ತಿವೆ. ಥ್ರಾಟಲ್ ಕೊಟ್ಟಾಗ ಇದು ಇನ್ನೂ ಕೆಡುತ್ತದೆ. ಹಳತಾದ ಸೆಲ್ಲಿನ ಒಳರೋಧ ಹೆಚ್ಚು, ಕರೆಂಟ್ ಎಳೆದಷ್ಟೂ ಅದರ ವೋಲ್ಟೇಜ್ ಕುಸಿಯುತ್ತದೆ. ಆಕಾಶದಲ್ಲಿ ಎರಡು ಸೆಲ್ 3.6ರಲ್ಲಿ ನಿಂತು ಮೂರನೆಯದು 2.9ಕ್ಕೆ ಬಿದ್ದಿದೆ ಅಂದುಕೊಳ್ಳಿ. ಒಟ್ಟು 10.1. ಇಎಸ್‌ಸಿಗೆ ಕಾಣುವುದು ಆ ಒಟ್ಟು ಮಾತ್ರ. ಅದು ಸೆಲ್ಲಿಗೆ 3 ವೋಲ್ಟಿನಂತೆ 9 ವೋಲ್ಟ್ ಲೆಕ್ಕ ಹಾಕಿಕೊಂಡು ಕಾಯುತ್ತಿರುತ್ತದೆ, ಮೋಟಾರ್ ನಿಲ್ಲಿಸುವುದಿಲ್ಲ. ಸೋತ ಸೆಲ್ಲನ್ನು ಗಟ್ಟಿ ಸೆಲ್ಲುಗಳು ಇನ್ನೂ ಕೆಳಕ್ಕೆ ಎಳೆಯುತ್ತಲೇ ಹೋಗುತ್ತವೆ.

ಹೀಗೆ ಇಳಿದ ಸೆಲ್ ಮೊದಲು ಊದಿಕೊಳ್ಳುತ್ತದೆ, ಎಲೆಕ್ಟ್ರೊಲೈಟ್ ಕೆಟ್ಟು ಒಳಗೆ ಅನಿಲ ಕಟ್ಟಿಕೊಳ್ಳುವುದರಿಂದ. ತೀರಾ ಕೆಳಗೆ, 2 ವೋಲ್ಟಿಗಿಂತಲೂ ಬಹಳ ಕೆಳಗೆ ಹೋದರೆ ಋಣ ಧ್ರುವದ ತಾಮ್ರದ ಹಾಳೆಯೇ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಲ್ಲೋ ಹೋಗಿ ಕೂತು ಸೆಲ್ಲಿನೊಳಗೇ ಶಾರ್ಟ್ ಆಗಬಹುದು. ಆದ್ದರಿಂದಲೇ 'ಸತ್ತ ಲಿಪೋ ಎಬ್ಬಿಸುವುದು ಹೇಗೆ' ಎಂಬ ವಿಡಿಯೊಗಳನ್ನು ನೋಡಿ ಬಂದ ಹುಡುಗರಿಗೆ ನಾನು ಚಾರ್ಜರ್ ಕೊಡುವುದಿಲ್ಲ. ಬ್ಯಾಲೆನ್ಸ್ ತಂತಿ (ಒಂದೊಂದು ಸೆಲ್ಲಿಗೂ ಬೇರೆಯಾಗಿ ಹೋಗುವ ತೆಳು ತಂತಿಗಳು) ಸಿಕ್ಕಿಸದೆ ಚಾರ್ಜ್ ಮಾಡಿದರೆ ಇದೇ ಅಪಾಯ ಮೇಲ್ಮುಖವಾಗಿ ಬರುತ್ತದೆ. ಒಟ್ಟು 12.6 ಅಂತ ಸರಿಯಾಗಿಯೇ ಕಾಣುತ್ತಿರುತ್ತದೆ, ಒಳಗೆ 4.3, 4.3, 4.0 ಇರುತ್ತದೆ. 4.2 ದಾಟಿದ ಲಿಪೋ ಸೆಲ್ ಬೆಂಕಿಗೆ ಹತ್ತಿರದ ಸೆಲ್.

ಇನ್ನು ಬಳಕೆ. ಪ್ಯಾಕಿನ ಬಿಳಿ ಬ್ಯಾಲೆನ್ಸ್ ಕನೆಕ್ಟರ್‌ನ ಕಪ್ಪು ತಂತಿ ಬೋರ್ಡಿನಲ್ಲಿ ಮೈನಸ್ ಗುರುತಿರುವ ಪಿನ್ನಿಗೆ ಬರಬೇಕು. 3ಎಸ್‌ಗೆ ನಾಲ್ಕು ತಂತಿ, ಹಾಗಾಗಿ ಮೊದಲ ನಾಲ್ಕು ಪಿನ್ ತುಂಬಿ ಉಳಿದ ಐದು ಖಾಲಿ. ಸಿಕ್ಕಿಸಿದ ಕೂಡಲೇ ಬೀಪ್, ಮೊದಲು ಒಟ್ಟು ವೋಲ್ಟೇಜ್, ಆಮೇಲೆ ಒಂದೊಂದೇ ಸೆಲ್. ಬಟನ್ ಒತ್ತುತ್ತಾ ಹೋದರೆ ಅಲಾರಂ ಮಟ್ಟವನ್ನು 2.7ರಿಂದ 3.8ರವರೆಗೆ ಎಲ್ಲಿ ಬೇಕಾದರೂ ಇಡಬಹುದು. ಯಾವುದಾದರೂ ಒಂದು ಸೆಲ್ ಆ ಮಟ್ಟಕ್ಕಿಂತ ಇಳಿದರೆ ಸಾಕು, ಕಿರುಚುತ್ತದೆ. ಒಟ್ಟನ್ನೋ ಸರಾಸರಿಯನ್ನೋ ನೋಡಿ ಸುಮ್ಮನಿರುವುದಿಲ್ಲ, ಇದರ ಬೆಲೆಯೆಲ್ಲ ಇರುವುದು ಅಲ್ಲಿಯೇ.

ನಾವು ಲಿಪೋಗೆ 3.4 ಇಟ್ಟುಕೊಂಡಿದ್ದೇವೆ. ಹಾರುವಾಗ 3.4ಕ್ಕೆ ಕೂಗಿದ ಪ್ಯಾಕ್ ಕೆಳಗಿಳಿಸಿ ಸ್ವಲ್ಪ ಹೊತ್ತು ಬಿಟ್ಟರೆ 3.65ರ ಸುತ್ತಮುತ್ತ ಮತ್ತೆ ಏರುತ್ತದೆ. 25 ಆಂಪಿಯರ್ ಎಳೆಯುವಾಗ ಸೆಲ್ಲಿನ ಒಳರೋಧ 8 ಮಿಲಿಓಮ್ ಇದ್ದರೂ 0.2 ವೋಲ್ಟ್ ಅಲ್ಲೇ ಹೋಗುತ್ತದೆ, ಇಳಿದ ಮೇಲೆ ಅದು ವಾಪಸ್ ಬರುತ್ತದೆ ಅಷ್ಟೇ. ಕೆಲವರು 3.0 ಇಡಿ ಅನ್ನುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. 3.5ರ ಕೆಳಗೆ ಲಿಪೋದ ವೋಲ್ಟೇಜ್ ಜಾರುವ ವೇಗವೇ ಬೇರೆ, 3.0ಕ್ಕೆ ಕೂಗಿದ ವಿಮಾನವನ್ನು ಒಂದು ಸುತ್ತು ತಿರುಗಿಸಿ ತರುವಷ್ಟರಲ್ಲಿ ಸೆಲ್ ಇನ್ನೆಲ್ಲೋ ಇರುತ್ತದೆ. 18650 ಎಂಬ ಉರುಟು ಲಿಥಿಯಂ-ಅಯಾನ್ ಸೆಲ್ಲುಗಳ ಪ್ಯಾಕ್ ಕಟ್ಟಿಕೊಂಡವರಿಗೆ ಮಾತ್ರ 3.0 ನ್ಯಾಯ, ಆ ಸೆಲ್ಲುಗಳು ಅಲ್ಲಿಯವರೆಗೆ ಇಳಿಯಲೆಂದೇ ಮಾಡಿದವು.

ನಿಖರತೆಯನ್ನು ಲ್ಯಾಬಿನ ಮಲ್ಟಿಮೀಟರ್ ಪಕ್ಕದಲ್ಲಿಟ್ಟು ನೋಡಿದೆ. ಮೀಟರ್‌ನಲ್ಲಿ ಮೂರೂ ಸೆಲ್ 3.86. ಬೋರ್ಡು ತೋರಿಸಿದ್ದು 3.86, 3.87, 3.83. ಡಬ್ಬಿಯ ಮೇಲಿನ ±0.01 ವೋಲ್ಟ್ ಎಂಬ ಮಾತು ಮೂರನೆಯ ಸೆಲ್ಲಿಗೆ ನಿಲ್ಲಲಿಲ್ಲ. ಇಷ್ಟು ಅಗ್ಗದ ಸರ್ಕ್ಯೂಟ್‌ನಲ್ಲಿ ಇದು ಸಹಜವೇ. ಸರಣಿಯ ಮೇಲಿನ, ಅಂದರೆ ಮೂರನೆಯ ಸೆಲ್ಲನ್ನು ನೇರವಾಗಿ ಅಳೆಯುವುದು ಕಷ್ಟ. ರೆಸಿಸ್ಟರ್ ಜೋಡಿಗಳಿಂದ ವೋಲ್ಟೇಜ್ ಇಳಿಸಿಕೊಂಡು, ಮೂರು ಸೆಲ್ಲಿನ ಮೊತ್ತದಿಂದ ಎರಡು ಸೆಲ್ಲಿನ ಮೊತ್ತ ಕಳೆಯುತ್ತಾರೆ. ಎರಡು ದೊಡ್ಡ ಸಂಖ್ಯೆಗಳ ಸಣ್ಣ ತಪ್ಪು ಸೇರಿ ಆ ಚಿಕ್ಕ ಉತ್ತರದ ಮೇಲೆ ಬೀಳುತ್ತದೆ. 6ಎಸ್ ಪ್ಯಾಕಿನ ಕೊನೆಯ ಸೆಲ್ಲಿಗೆ ಇನ್ನೂ ಜಾಸ್ತಿ. ಹಾಗಾಗಿ ಪ್ಯಾಕ್ ಬ್ಯಾಲೆನ್ಸ್ ಆಗಿದೆಯೇ ಅಂತ 0.01ರ ಮಟ್ಟದಲ್ಲಿ ತೀರ್ಮಾನಿಸಲು ಇದನ್ನು ನಂಬಬೇಡಿ. ಆ ಕೆಲಸ ಬ್ಯಾಲೆನ್ಸ್ ಚಾರ್ಜರ್‌ನದು. ಒಂದು ಸೆಲ್ ಕೈಕೊಡುತ್ತಿದೆಯೇ ಅನ್ನುವುದಕ್ಕೆ 0.03ರ ವ್ಯತ್ಯಾಸ ಲೆಕ್ಕಕ್ಕಿಲ್ಲ.

ನನಗೆ ನಿಜಕ್ಕೂ ಇಷ್ಟವಾಗದ್ದು ಎರಡು. ಪಿನ್ನುಗಳು ಬೆತ್ತಲೆ. ತಿರುಗಿಸಿ ಸಿಕ್ಕಿಸದಂತೆ ತಡೆಯಲು ಒಂದು ಕಟ್ಟೆಯೂ ಇಲ್ಲ. ಹುಡುಗರ ಕೈಗೆ ಕೊಡುವ ಮೊದಲು ಮೈನಸ್ ಪಿನ್ ಪಕ್ಕದಲ್ಲಿ ಕಪ್ಪು ಉಗುರುಬಣ್ಣದ ದಪ್ಪ ಚುಕ್ಕೆ ಇಟ್ಟೆ. ಎರಡನೆಯದು ಇನ್ನೂ ಮುಖ್ಯ: ಈ ಬೋರ್ಡು ತನಗೆ ಬೇಕಾದ ಕರೆಂಟನ್ನು ಅದೇ ಪ್ಯಾಕಿನಿಂದ ಎಳೆಯುತ್ತದೆ, ಆಫ್ ಸ್ವಿಚ್ ಇಲ್ಲ. ಹಾರಿಸಿ ಬಂದು ಸಿಕ್ಕಿಸಿದ ಹಾಗೇ ಬಿಟ್ಟರೆ ಪ್ಯಾಕನ್ನು ಕಾಯಬೇಕಾದ ವಸ್ತುವೇ ಅದನ್ನು ಬರಿದು ಮಾಡುತ್ತದೆ. ನಮ್ಮಲ್ಲಿ ವಿಮಾನ ನೆಲ ಮುಟ್ಟಿದ ಮೇಲೆ ಮೊದಲು ಬ್ಯಾಟರಿ, ಅದರ ಜೊತೆಗೇ ಅಲಾರಂ ಕಳಚಬೇಕು. ಆಮೇಲೆ ಸೆಲ್ಲಿಗೆ 3.80ರಿಂದ 3.85ರ ನಡುವೆ ತಂದು ಕಪಾಟಿಗೆ.

ಸದ್ದು ಭರ್ಜರಿ. ತರಗತಿಯಲ್ಲಿ ತೋರಿಸುವಾಗ ಬಜರ್ ತೂತಿಗೆ ಟೇಪ್ ಅಂಟಿಸುತ್ತೇನೆ. ಆದರೂ ದೂರದಲ್ಲಿ, ಗಾಳಿಗೆ ಎದುರಾಗಿ, ಪ್ರೊಪೆಲ್ಲರ್ ಪೂರ್ತಿ ತಿರುಗುತ್ತಿರುವಾಗ ಕೇಳುವುದಿಲ್ಲ. ವಿಮಾನವನ್ನು ಹತ್ತಿರ ತಂದು ಥ್ರಾಟಲ್ ಇಳಿಸಿದಾಗ ಕೇಳುತ್ತದೆ. ಬೋರ್ಡನ್ನು ಫೋಮಿನೊಳಗೆ ಹೂತಿಡದೆ ಹೊಟ್ಟೆಯ ಹೊರಗೆ ವೆಲ್ಕ್ರೊ ಹಾಕಿ ಕಟ್ಟಿ. ದೂರ ಹಾರಿಸುವವರಿಗೆ ಇದು ಸಾಲದು. ಅವರಿಗೆ ಫ್ರ್‌ಸ್ಕೈಯ ಎಫ್‌ಎಲ್‌ವಿಎಸ್‌ಎಸ್ ತರಹದ ಸೆನ್ಸರ್ ಬೇಕು. ಅದೂ ಇದೇ ಬ್ಯಾಲೆನ್ಸ್ ಕನೆಕ್ಟರ್‌ಗೆ ಕೂರುತ್ತದೆ, 6ಎಸ್‌ವರೆಗೆ ಪ್ರತಿ ಸೆಲ್ ಓದಿ ಟೆಲಿಮೆಟ್ರಿಯಲ್ಲಿ, ಅಂದರೆ ನಿಸ್ತಂತುವಾಗಿ, ಕೈಯಲ್ಲಿರುವ ರೇಡಿಯೊಗೆ (ರಿಮೋಟ್) ಕಳಿಸುತ್ತದೆ. ಎಲ್ಲಕ್ಕಿಂತ ಕಡಿಮೆ ಇರುವ ಸೆಲ್ಲಿನ ವೋಲ್ಟೇಜನ್ನು ರೇಡಿಯೊ ಬಾಯಿಬಿಟ್ಟು ಹೇಳುವಂತೆ ಇಡಬಹುದು. ಬೆಲೆ ಹಲವು ಪಟ್ಟು, ಹೊಂದುವ ರಿಸೀವರ್ ಕೂಡ ಇರಬೇಕು. ಕಾಲೇಜಿನ ಮೈದಾನದಲ್ಲಿ ಕಣ್ಣಳತೆಯಲ್ಲೇ ಸುತ್ತು ಹಾಕುವ ನಮಗೆ ₹180ರ ಬೋರ್ಡು ಸಾಕು.

ಕೊಳ್ಳುವಾಗ ಒಂದು ಬಜರ್ ಇರುವುದನ್ನು ಬಿಟ್ಟು ಎರಡಿರುವುದನ್ನೇ ಕೇಳಿ. ಒಂದು ಒಳ್ಳೆಯ ಪ್ಯಾಕ್, ಒಂದು ಮಲ್ಟಿಮೀಟರ್ ಚೀಲದಲ್ಲಿ ಒಯ್ಯಿರಿ. ಕೌಂಟರ್ ಮೇಲೇ ಸಿಕ್ಕಿಸಿ ಮೂರೂ ಸೆಲ್ ಹೋಲಿಸಿ ನೋಡಿ, ಅಲಾರಂ ಅನ್ನು 3.8ಕ್ಕೆ ಏರಿಸಿ ಸೆಲ್ಲುಗಳು 3.8ಕ್ಕಿಂತ ಕೆಳಗಿಳಿದಿರುವ ಪ್ಯಾಕಿನಿಂದ ಒಮ್ಮೆ ಕೂಗಿಸಿ. 0.05ಕ್ಕಿಂತ ಹೆಚ್ಚು ವ್ಯತ್ಯಾಸ ತೋರಿಸಿದರೆ ಅದನ್ನು ವಾಪಸ್ ಕೊಟ್ಟು ಅದೇ ಡಬ್ಬಿಯಿಂದ ಇನ್ನೊಂದು ತೆಗೆಸಿ.